ಆರು ತೂತಿನ ಬತ್ತಳಿಕೆ

ಖಾಶೆ ಬೆಳಗ್ಗೆಯಿಂದ ಸಾವಿಗಾಗಿ ಕಾಯುತ್ತ ಕುಳಿತಿದ್ದ. ಹೊತ್ತು ನೆತ್ತಿಗೇರಿದರೂ ಸಾವು ಬರಲಿಲ್ಲ. ಬಂದದ್ದು ಹಸಿವು.

ಆದದ್ದಿಷ್ಟು. ಊರು ಬಿಟ್ಟು ಒಂದು ಗಳಿಗೆ ನಡೆದಿದ್ದನೋ ಇಲ್ಲವೋ, ಪೊದೆಯ ಪಕ್ಕದಲ್ಲಿ ಒಂದು ಸಣ್ಣ ಜಿಂಕೆ ಕಂಡಿತು. ಮಂಡಿಯೂರಿದ, ಬತ್ತಳಿಕೆಗೆ ಕೈ ಹಾಕಿ ಒಂದು ಬಾಣ ಎಳೆದ. ಬಂದದ್ದು ಎರಡು. ಎರಡು ಬಂದಿದೆಯೆಂದು ಕೈ ಹೇಳಲಿಲ್ಲ; ಎರಡನೆಯದು ಜಾರಿ ಮೊಣಕಾಲ ಬಳಿ ಬಿದ್ದಾಗ ಕಣ್ಣು ಹೇಳಿತು. ಜಿಂಕೆ ತನ್ನ ದಾರಿ ಹಿಡಿಯಿತು. ಖಾಶೆ ಬಗ್ಗಿ, ಮುಳ್ಳು ಮರಳೆಲ್ಲ ಕೆದಕಿ ಬಾಣ ಎತ್ತಿಕೊಂಡು ನೋಡುತ್ತಾನೆ, ತೋರುಬೆರಳಿನ ತುದಿಯಲ್ಲಿ ಕೆಂಪು ಮಣಿಯಂಥ ಒಂದು ಹನಿ.

ಬಾಣದ ಮೊನೆಗೆ ಖಾಶೆಯ ಜನ ನಂಜು ಹಚ್ಚುವುದಿಲ್ಲ, ಮೊನೆಯ ಹಿಂದಿನ ಕುತ್ತಿಗೆಗೆ ಹಚ್ಚುತ್ತಾರೆ. ಅಕಸ್ಮಾತ್ ಯಾರಿಗಾದರೂ ಚುಚ್ಚಿದರೆ ಜೀವವೇ ಹೋಗದಿರಲಿ ಎಂದು. ಆದರೆ ಎತ್ತುವಾಗ ಬೆರಳು ಬಾಣದ ಕುತ್ತಿಗೆಯನ್ನೇ ಸವರಿತೋ ಏನೋ ಯಾರು ಕಂಡರು? ಗಿಡದ ಬುಡದಲ್ಲಿ ಅಗೆದು ತೆಗೆದ ಜೀರುಂಡೆಯ ಮರಿಯನ್ನು ಹಿಚುಕಿದರೆ ಬರುವ ರಸ ಅದು. ರಕ್ತಕ್ಕೆ ಸೇರಿದರೆ ಮದ್ದಿಲ್ಲ. ಚಪ್ಪರಿಸಿ ನಂಜಿಕೊಳ್ಳುವ ನಂಜಲ್ಲ. ಕೂಡು ಎಂಬ ತಿರುಚುಕೊಂಬಿನ, ಆಳೆತ್ತರದ ಜಿಂಕೆಯೇ ಒಂದು ದಿನದಲ್ಲಿ ಮಗುಚಿಕೊಳ್ಳುತ್ತದೆ. ಖಾಶೆ ಆಳಾಗಿದ್ದರೂ ಆಳೆತ್ತರ ಇರಲಿಲ್ಲ.

ಹಾಗಾಗಿ ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಗೆಡ್ಡೆ ಅಗೆಯಲು ಬರುವ ಹೆಂಗಸರು ಹೆಣ ಕಂಡು ಬೆಚ್ಚಬಾರದಲ್ಲ. ಒಂದು ಜಾಲಿಯ ಕೆಳಗೆ ಕುಳಿತು ಬಾಣಗಳನ್ನು ದೂರ ಇಟ್ಟ. ಹೆಂಡತಿ ಚುವಾಗೆ ಹೇಳಬೇಕಾದ ಕೊನೆಯ ಮಾತನ್ನು ಹೊಂದಿಸಿದ. ಕೇಳಿಸಿಕೊಂಡು ಹೋಗಿ ಹೇಳುವವರು ಯಾರೂ ಇಲ್ಲವೆಂದು ಹೊಳೆದು ಅರ್ಧಕ್ಕೇ ಬಿಟ್ಟ. ಚಾಕು ಭಾವಮೈದುನನಿಗೆ, ಕಂಬಳಿ ಮಗಳಿಗೆ ಎಂದು ಹಂಚಿದ. ಹಂಚಲು ಮತ್ತೇನೂ ಉಳಿಯದಿದ್ದಾಗ ಹೊಟ್ಟೆ ಚುರುಗುಟ್ಟಿತು. ಸಾಯುವವನಿಗೆ ಇಷ್ಟು ಹಸಿವಾಗುವುದುಂಟೇ ಎಂದು ಅನುಮಾನ ಬಂದು ಬೆರಳನ್ನು ಬಾಯಿಗಿಟ್ಟ. ನಾಲಿಗೆಗೆ ಏನೋ ತಗುಲಿತು. ಹಲ್ಲಲ್ಲಿ ಕಚ್ಚಿ ಎಳೆದರೆ, ಅರ್ಧ ಉಗುರಿನಷ್ಟುದ್ದದ ಜಾಲಿಮುಳ್ಳು.

ಬೆಳಗ್ಗೆಯಿಂದ ಅದು ಅಲ್ಲೇ ನೆಟ್ಟಿತ್ತು. ಬೆರಳಿಗೆ ತಿಳಿದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಊರಿಗೆ ಓಡಿ ಬಂದು, ತಾನು ಸತ್ತ ಕಥೆಯನ್ನು ತಾನೇ ಅಭಿನಯಿಸಿ ತೋರಿಸಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದ. ಖಾಶೆ ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಅತ್ತ. ಮುಂದಿನ ಸಲ ಅದು ಮುಳ್ಳೇ ಆಗಿರಬೇಕೆಂದೇನೂ ಇಲ್ಲ.

ಅವನಿಗೆ ಐವತ್ತರ ಆಸುಪಾಸು. ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. ಮೊದಲ ದೊಡ್ಡ ಬೇಟೆಯ ದಿನವನ್ನು ಮಾತ್ರ ಅವನ ತೋಳಿನ ಮೇಲೆ, ಎದೆಯ ಮೇಲೆ ಗೀರಿ ಬರೆದಿದ್ದಾರೆ. ಕಲಹಾರಿ ಮರಳುಗಾಡಿನ ಜೂವಾನ್ಸಿ ಜನರಲ್ಲಿ ಗಂಡಸಿನ ಜನ್ಮಪತ್ರ ಅದೇ. ಹೆಣ್ಣು ಕೊಟ್ಟ ಮನೆಗೆ ಕೆಲವು ವರ್ಷ ಬೇಟೆಯಾಡಿ ಹಾಕಬೇಕೆಂಬ ಪದ್ಧತಿಯಂತೆ ನೋಮ್‌ತ್ಸಾ ಎಂಬ ಈ ಹತ್ತು ಗುಡಿಸಲಿನ ಊರಿಗೆ ಬಂದವನು, ಮೂರು ಮಕ್ಕಳಾದ ಮೇಲೂ ಹಿಂದಿರುಗದೆ ಇಲ್ಲೇ ಉಳಿದ. ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಅತ್ತೆ ಖೋನಾಳೊಂದಿಗೆ ಅವನು ಒಂದು ಮಾತೂ ಆಡಿಲ್ಲ, ಅವಳೂ ಆಡಿಲ್ಲ. ಜಗಳವಲ್ಲ, ಮರ್ಯಾದೆ. ಅತ್ತೆ ಅಳಿಯ ಮುಖ ನೋಡಬಾರದು, ಎದುರು ಕೂರಬಾರದು. ಹೇಳಲೇಬೇಕಾದದ್ದನ್ನು ಖೋನಾ ತನ್ನ ಕುಂಟು ನಾಯಿಗೆ ಹೇಳುತ್ತಿದ್ದಳು, ಅಳಿಯನಿಗೆ ಕೇಳಿಸುತ್ತಿತ್ತು. ಆ ನಾಯಿ ತಾನು ಮಾಡದ ತಪ್ಪಿಗೆಲ್ಲ ಬೈಸಿಕೊಂಡು ಬೈಸಿಕೊಂಡು ದೊಡ್ಡ ವೇದಾಂತಿಯಾಗಿತ್ತು.

ಎರಡು ವರ್ಷದ ಹಿಂದೆ ಖಾಶೆಗೆ ಕ್ಷಯ ತಗುಲಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಉಸಿರು ವಾಪಸ್ ಬಂತು, ಬೆರಳುಗಳು ಹೋದವು. ಅಂದರೆ ಕೈಯಲ್ಲೇ ಇದ್ದವು. ಮನೆಯಲ್ಲೇ ಇದ್ದು ಕರೆದರೆ ಓಗೊಡದ ಗಂಡಸರ ಹಾಗೆ. ಕೆಲವರಿಗೆ ಹೀಗಾಗುತ್ತದೆ, ಸರಿಹೋಗಬಹುದು, ಹೋಗದೇ ಇರಲೂಬಹುದು ಎಂದು ನರ್ಸಮ್ಮ ಬೇರೊಂದು ಬಣ್ಣದ ಮಾತ್ರೆ ಕೊಟ್ಟಿದ್ದಳು. ಖಾಶೆ ಇದನ್ನು ಚುವಾಗೊಬ್ಬಳಿಗೇ ಹೇಳಿದ್ದ. ಏಕೆಂದರೆ ಊರಿನಲ್ಲಿ ಒಂದು ಕಟ್ಟು ಇತ್ತು: ಕೈಯನ್ನು ನಂಬಲಾಗದವನು ನಂಜು ಮುಟ್ಟಬಾರದು. ಗೊತ್ತಿಲ್ಲದೆ ಬೀಳಿಸಿದ ಒಂದು ಬಾಣದ ಮೇಲೆ ನಾಳೆ ಯಾರ ಮಗು ಕಾಲಿಡುತ್ತದೋ. ಊರ ಹಿರಿಯ ದೇಮಿ, ಕಣ್ಣು ಮಂಜಾಯಿತೆಂದು ತಿಳಿದ ದಿನವೇ, ಯಾರೂ ಕೇಳದೆ ತಾನಾಗಿ ಬಿಲ್ಲು ಇಳಿಸಿದ್ದ. ಇಳಿಸಿದ ಮೇಲೆ ಅವನು ದಿನವಿಡೀ ಬೆಂಕಿಯ ಬಳಿ ಕುಳಿತು, ಹೋಗಿ ಬಂದವರನ್ನೆಲ್ಲ ಗಾಳಿ ಯಾವ ಕಡೆಯಿತ್ತು ಎಂದು ಕೇಳುವುದನ್ನು ಖಾಶೆ ನೋಡಿದ್ದ. ಅದಕ್ಕಿಂತ ಕ್ಷಯವೇ ವಾಸಿ ಎನಿಸಿತ್ತು.

ಮುಳ್ಳಿನ ದಿನ ಗುಡಿಸಲಿಗೆ ಬಂದು ಚುವಾಗೆ ಎಲ್ಲ ಹೇಳಿದ. ಅವಳು ಅವನ ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು, ಶಾಸ್ತ್ರ ಹೇಳುವವಳ ಹಾಗೆ ಗೆರೆ ಗೆರೆ ನೋಡಿದಳು. ಇನ್ನು ಮೇಲೆ ದಿನಾ ಬೆಳಗ್ಗೆ ನೋಡುತ್ತೇನೆ ಎಂದಳು. ನೋಡಿದರೆ ಸಾಲದು, ಬತ್ತಳಿಕೆಯೇ ಬದಲಾಗಬೇಕು ಎಂದ ಅವನು.

ಬತ್ತಳಿಕೆ ಒಳ್ಳೆಯದೇ ಇತ್ತು. ತೋಳುದ್ದದ ನೆಟ್ಟನೆ ಜಾಲಿಬೇರನ್ನು ಕೆಂಡದಲ್ಲಿ ಸುಟ್ಟು, ಬಡಿದು, ಒಳಗಿನ ಕಟ್ಟಿಗೆಯನ್ನು ಎಳೆದು ಹಾಕಿ ಉಳಿದ ತೊಗಟೆಯ ಕೊಳವೆ. ತಳಕ್ಕೆ ಹಸಿ ಚರ್ಮ ಬಿಗಿದು, ಮೈಗೆಲ್ಲ ನರದ ಎಳೆ ಸುತ್ತಿದ್ದ. ಬಾಣಗಳು ಮೊನೆ ಕೆಳಗಾಗಿ ಒಂದರ ಮೈಮೇಲೊಂದು ಬಿದ್ದುಕೊಂಡಿರುತ್ತಿದ್ದವು. ಅದೇ ತೊಂದರೆ. ಒಂದಕ್ಕೆ ಕೈ ಹಾಕಿದರೆ ಇನ್ನೊಂದು ನಂಟಸ್ತಿಕೆ ಹೇಳಿಕೊಂಡು ಜೊತೆಗೆ ಬರುತ್ತಿತ್ತು. ಪ್ರತಿ ಬಾಣಕ್ಕೂ ಬೇರೆ ಬೇರೆ ಮನೆ ಬೇಕು, ಮತ್ತು ಕೈಯೇ ಬೇಡದೆ ಅದು ಹೊರಗೆ ಬರಬೇಕು.

ಪ್ರಾಣಿಯ ಕತ್ತಿನ ದಪ್ಪ ಚರ್ಮವನ್ನು ನೀರಿನಲ್ಲಿ ನೆನೆಸಿ, ಬತ್ತಳಿಕೆಯ ಬಾಯಿಗೆ ಸರಿಯಾಗಿ ಒಂದು ಬಿಲ್ಲೆ ಕತ್ತರಿಸಿದ. ಅದರಲ್ಲಿ ಆರು ತೂತು. ಮೂರು ದಿನ ಒಣಗಿಸಿದರೆ ಚರ್ಮ ಮುದುರಿ, ತೂತುಗಳು ಜಿಪುಣನ ಕಣ್ಣಿನಂತೆ ಮುಚ್ಚಿಕೊಂಡವು. ಎರಡನೆಯ ಬಿಲ್ಲೆಗೆ ತೂತಿಗೊಂದರಂತೆ ಗೂಟ ಹೊಡೆದು, ಕಲ್ಲು ಹೇರಿ ಒಣಗಿಸಿದ. ಅದು ನಿಂತಿತು. ಇನ್ನು ಬಾಣ ತೂತಿನಲ್ಲಿ ಇಳಿದು ತಳ ಸೇರದೆ ಮೇಲೆಯೇ ನಿಲ್ಲಬೇಕಲ್ಲ. ಬಾಲದ ಬಳಿ ಮರದ ಅಂಟಿನಿಂದ ಒಂದೊಂದು ಗಂಟು ಕಟ್ಟಿದ. ಮಧ್ಯಾಹ್ನದ ಬಿಸಿಲಿಗೆ ಅಂಟು ಕರಗಿ ಆರೂ ಬಾಣ ಒಂದೇ ಮುದ್ದೆಯಾದವು. ಆ ದಿನ ಖಾಶೆ ಊಟ ಬಿಟ್ಟ. ಚುವಾ ತನ್ನ ತಲೆಪಟ್ಟಿಯನ್ನು ಬಿಚ್ಚಿ, ಆಸ್ಟ್ರಿಚ್ ಮೊಟ್ಟೆಚಿಪ್ಪಿನ ಮಣಿಗಳನ್ನು ಕಳಚಿ, ಪ್ರತಿ ಬಾಣದ ಬಾಲಕ್ಕೂ ಎರಡೆರಡು ಮಣಿ ಸೇರಿಸಿ ನರದ ಎಳೆಯಲ್ಲಿ ಬಿಗಿದಳು. ಬಿಲ್ಲೆಯನ್ನು ತೊಗಟೆಗೆ ಹೊಲಿದವಳೂ ಅವಳೇ. ದಬ್ಬಳ ಎಲ್ಲಿ ಚುಚ್ಚುತ್ತಿದೆ ಎಂಬುದು ಅವನ ಬೆರಳಿಗೆ ತಿಳಿಯುತ್ತಿರಲಿಲ್ಲ.

ಮುಗಿದಾಗ ಬೆಳಗಿನ ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳ ಹಾಗೆ ಆರು ಬಾಣ ಒಂದನ್ನೊಂದು ಮುಟ್ಟದೆ ನಿಂತಿದ್ದವು. ಖಾಶೆ ಬತ್ತಳಿಕೆಯನ್ನು ಎದೆಗೆ ಏರಿಸಿಕೊಂಡು, ತಲೆ ಬಗ್ಗಿಸಿ, ಮಣಿಯನ್ನು ಹಲ್ಲಲ್ಲಿ ಕಚ್ಚಿ ಬಾಣ ಎತ್ತಿದ. ಒಂದೇ ಬಂತು. ಮತ್ತೆ ಎತ್ತಿದ. ಒಂದೇ. ಹತ್ತು ಸಲ ಎತ್ತಿದ. ಚುವಾ ಮೊದಲು ನಕ್ಕಳು, ಕೋಳಿ ನೀರು ಕುಡಿದಂತಿದೆ ಎಂದಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು.

ಬೆರಳನ್ನು ಕಾಪಾಡುವ ಭರದಲ್ಲಿ ಅವನು ಒಂದನ್ನು ಮರೆತಿದ್ದ. ಮರೆಯಲೇಬಾರದ್ದನ್ನು ಮರೆಯುವಷ್ಟು ದಿಗಿಲು.

ಆ ಜನರಲ್ಲಿ ಯಾರೂ ಬರೀ ತಮ್ಮ ಬಾಣ ಹೊತ್ತು ಬೇಟೆಗೆ ಹೋಗುವುದಿಲ್ಲ. ಬತ್ತಳಿಕೆಯಲ್ಲಿ ಭಾವನದೊಂದು, ಸೋದರಮಾವನದೊಂದು, ಬಿಲ್ಲು ಇಳಿಸಿದ ಮುದುಕನದೊಂದು, ಯಾವುದೋ ಅಜ್ಜಿ ಕೊಟ್ಟದ್ದೊಂದು ಇರಲೇಬೇಕು. ಏಕೆಂದರೆ ಬಿದ್ದ ಪ್ರಾಣಿ ಬಾಣ ಬಿಟ್ಟವನದಲ್ಲ, ಬಾಣ ಕೊಟ್ಟವನದು. ಹೊಂಚುವವನು ಒಬ್ಬ, ಹಂಚುವವನು ಇನ್ನೊಬ್ಬ. ಬೇಟೆಗಾರನ ತಲೆಗೆ ಸೊಕ್ಕು ಏರದಿರಲೆಂದು ಮಾಡಿಕೊಂಡ ಏರ್ಪಾಡು. ಅದು ಸಾಲದೆಂದು, ತಂದ ಮಾಂಸವನ್ನು ಎಲ್ಲರೂ ಸೇರಿ ಹೀಯಾಳಿಸುತ್ತಾರೆ. ಎಷ್ಟು ದೊಡ್ಡ ಪ್ರಾಣಿಯೋ ಅಷ್ಟು ಬೈಗುಳ. ಕಲಹಾರಿ ಎಂಬ ಹೆಸರನ್ನು ಸಂಧಿ ಬಿಡಿಸಿದರೆ ಕಲಹಕ್ಕೆ ಅರಿ ಎಂದಾಗುತ್ತದೆ. ಜಗಳ ಹುಟ್ಟದಿರಲೆಂದು ಇವರು ಪಡುವ ಪಾಡು ನೋಡಿದರೆ ಹೆಸರಿಟ್ಟವರು ತಪ್ಪಿಲ್ಲ.

ಖಾಶೆಯ ಹೊಸ ಬತ್ತಳಿಕೆಯಲ್ಲಿ ಮಣಿ ಕಟ್ಟಿದ ಬಾಣ ಮಾತ್ರ ನಿಲ್ಲುತ್ತಿತ್ತು. ಮಣಿ ಇದ್ದದ್ದು ಅವನವೇ ಆರು ಬಾಣಗಳಿಗೆ. ಇನ್ನೊಬ್ಬರ ಬಾಣವನ್ನು ಬಿಡಬಹುದು, ಕಳೆಯಬಹುದು, ಮುರಿಯಲೂಬಹುದು. ಅದಕ್ಕೊಂದು ಮಣಿ ಕಟ್ಟಿ ಗುರುತು ಬದಲಿಸುವಂತಿಲ್ಲ.

ಇದು ಗೊತ್ತಾದದ್ದು ಚುವಾಳ ತಮ್ಮ ಗುಂಡಾ ಬಂದಾಗ. ಹೆಸರಿಗೆ ಗುಂಡಾ, ಗುಂಡಾಗಿರಿ ಎಳ್ಳಷ್ಟೂ ಇಲ್ಲದ ಹಸನ್ಮುಖಿ. ಖಾಶೆಯ ಜೊತೆ ಹದಿನೈದು ವರ್ಷ ಬೇಟೆಯಾಡಿದವನು. ಭಾವನನ್ನು ಗೇಲಿ ಮಾಡುವುದು ಅವನ ಹಕ್ಕು, ದಿನದ ಕೆಲಸ.

"ಏನ್ ಭಾವ ಇದು, ಬತ್ತಳಿಕೆಗೆ ಜರಡಿ ಹಾಕ್ಸಿದ್ದೀಯ? ಬಾಣ ಸೋಸ್ಕೊಂಡು ಬಿಡ್ತೀಯಾ?"

"ಹೂಂ, ನಿನ್ನಂಥ ತರಿ ಒಳಗೆ ಬೀಳದೇ ಇರ್ಲಿ ಅಂತ."

ಗುಂಡಾ ನಗುತ್ತ ತನ್ನ ಚೀಲದಿಂದ ಹೊಸ ಬಾಣವೊಂದನ್ನು ತೆಗೆದ. ಭಾವನಿಗೆಂದೇ ಮಾಡಿದ್ದು. ಬತ್ತಳಿಕೆಯ ಆರು ಬಾಣಗಳನ್ನು ತೆಗೆದು ಪಕ್ಕಕ್ಕಿಟ್ಟು, ಅದನ್ನು ಒಂದು ತೂತಿಗೆ ಇಳಿಬಿಟ್ಟ. ಸರ್ರನೆ ಜಾರಿ ತಳ ಸೇರಿತು. ಬತ್ತಳಿಕೆ ಬೋರಲು ಹಾಕಿ ಹೊರತೆಗೆದು ಇನ್ನೊಂದು ತೂತಿಗೆ ಹಾಕಿದ, ಇದೇನು ಬಾವಿಯೇ ಎಂದ. ಅಲ್ಲೂ ಜಾರಿತು. ಮೂರನೆಯ ಸಲ ಅವನು ತಮಾಷೆ ಮಾಡಲಿಲ್ಲ. ಆರು ಬಾಣಗಳ ಬಾಲವನ್ನೂ ಒಂದೊಂದಾಗಿ ನೋಡಿದ. ಆರಕ್ಕೂ ಖಾಶೆಯದೇ ಗುರುತು.

"ನನ್ ಬಾಣ ಎಲ್ಲಿ ಕೂತ್ಕೊಬೇಕು ಭಾವ?"

ಖಾಶೆಗೆ ಆಗಲೇ ಹೊಳೆದದ್ದು. "ಸದ್ಯಕ್ಕೆ ಗುಡಿಸಲಲ್ಲಿ ಇರ್ಲಿ," ಎಂದ.

"ಗುಡಿಸಲು ಬೇಟೆಗೆ ಹೋಗಲ್ಲ," ಎಂದು ಗುಂಡಾ ಬಾಣವನ್ನು ಗುಡಿಸಲಿನ ಹುಲ್ಲಿಗೆ ಸಿಕ್ಕಿಸಿ ಹೊರಟುಹೋದ.

ಮಾತು ಬೆಂಕಿಯಿಂದ ಬೆಂಕಿಗೆ ಹಬ್ಬಿತು. ಜಿಪುಣನಿಗೆ ಅವರಲ್ಲಿ ಎದೆ ದೂರದವನು ಎನ್ನುತ್ತಾರೆ. ಕೊಲೆಗಾರ ಎಂದರೂ ಅಷ್ಟು ನೋಯುವುದಿಲ್ಲ. ಮುದುಕ ದೇಮಿ, ತಾನು ಹಿಂದೆ ಕೊಟ್ಟಿದ್ದ ಬಾಣವನ್ನು ವಾಪಸ್ ಕೇಳಿ ಕಳಿಸಿದ. ಒಟ್ಟಿಗೆ ಬೇಟೆಗೆ ಹೋಗುತ್ತಿದ್ದವರು ಖಾಶೆ ಏಳುವ ಮೊದಲೇ ಹೋಗತೊಡಗಿದರು. ಅತ್ತೆ ಖೋನಾ ನಾಯಿಯನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ನಡೆಸಿದಳು.

"ಏನೋ ನಾಯಿ, ಇತ್ತೀಚೆಗೆ ಮೂಳೆ ಸಿಕ್ಕಿದ್ರೆ ನೀನೊಬ್ನೇ ಕಚ್ಕೊಂಡು ಮೂಲೆ ಸೇರ್ತೀಯಂತೆ? ನಿಂಗೆ ಅನ್ನ ಹಾಕಿ ಬೆಳೆಸ್ದೋರು ಯಾರು ಅಂತ ಜ್ಞಾಪಕ ಉಂಟಾ?"

ನಾಯಿ ಬಾಲ ಅಲ್ಲಾಡಿಸಿತು. ಅಳಿಯ ತಲೆ ತಗ್ಗಿಸಿದ.

ರಾತ್ರಿಯೂಟಕ್ಕೆ ಜೋಳದ ಹಿಟ್ಟು ತಿರುವುತ್ತ ಚುವಾ ಗಂಡನನ್ನು ಬೇಡಿಕೊಂಡಳು. "ಹೇಳ್ಬಿಡು. ಕೈಯಲ್ಲಿ ಸ್ಪರ್ಶ ಇಲ್ಲ ಅಂತ ಒಂದು ಮಾತು. ಯಾಕೆ ಈ ಬತ್ತಳಿಕೆ ಅಂತ ಅವ್ರಿಗೆ ಅರ್ಥ ಆಗುತ್ತೆ."

"ಹೇಳಿದ್ರೆ ಬಿಲ್ಲು ಹೋಗುತ್ತೆ."

"ಹೇಳ್ದೇ ಇದ್ರೆ ನಾವು ಹೋಗ್ತೀವಿ."

ಅದು ನಿಜವೆಂದು ಅವನಿಗೂ ಗೊತ್ತಿತ್ತು. ಬೇರೆಯವರ ಬಾಣ ಒಲ್ಲದವನು ಬೇರೆಯವರ ಮಾಂಸಕ್ಕೆ ಕೈ ಚಾಚುವುದು ಹೇಗೆ? ಅಕ್ಕಪಕ್ಕದ ಬೆಂಕಿಯಿಂದ ಬರುತ್ತಿದ್ದ ತುಂಡುಗಳು ಸಣ್ಣವಾದವು. ತಪ್ಪಿಸುತ್ತಿರಲಿಲ್ಲ, ಕೊಡುತ್ತಿದ್ದರು, ಕೊಡುವಾಗ ಮಾತಾಡುತ್ತಿರಲಿಲ್ಲ. ಒಂದು ದೊಡ್ಡ ಪ್ರಾಣಿ ಬಿದ್ದರೆ, ಮೂಳೆ ಮಜ್ಜೆ ಕೂಡ ಬಿಡದೆ ಹಂಚಿ, ತನ್ನ ಎದೆ ಎಲ್ಲಿದೆಯೆಂದು ತೋರಿಸುತ್ತೇನೆ ಎಂದು ಖಾಶೆ ಹಟ ಹಿಡಿದ. ಹತ್ತೊಂಬತ್ತು ದಿನ ಒಬ್ಬನೇ ಅಲೆದ. ಎರಡು ಸಲ ಬಾಣ ಗುರಿ ತಪ್ಪಿತು, ಒಂದು ಸಲ ಮಣಿ ಕಚ್ಚಿದ ಹಲ್ಲೇ ಅಲುಗಿತು. ಸಂಜೆ ಬರಿಗೈಲಿ ಬಂದಾಗ ಚುವಾ ಮೊದಲು ಚೀಲ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

ಇಪ್ಪತ್ತನೆಯ ದಿನ, ಒಣಗಿದ ಕೆರೆಯ ಅಂಚಿನಲ್ಲಿ ಕೂಡು ನಿಂತಿತ್ತು. ಗಂಡು, ಕೊಂಬು ಮೂರು ಸುತ್ತು. ಗಾಳಿ ಮುಖಕ್ಕೆ ಬೀಸುತ್ತಿತ್ತು. ಖಾಶೆ ಹೊಟ್ಟೆಯ ಮೇಲೆ ತೆವಳಿದ. ಎಷ್ಟು ಹೊತ್ತು ತೆವಳಿದನೆಂಬುದು ಅವನ ಮೊಣಕೈಗಳಿಗೆ ಗೊತ್ತು. ಬಾಯಿ ತಗ್ಗಿಸಿ ಮಣಿ ಕಚ್ಚಿದ. ಒಂದೇ ಬಾಣ ಬಂತು. ಕೂಡುವಿನ ಹೊಟ್ಟೆಯ ಬದಿಗೆ ನಾಟಿತು. ಅದು ನೊಣ ಕಚ್ಚಿದಂತೆ ಬಾಲ ಬೀಸಿ, ನಾಲ್ಕು ನೆಗೆತ ನೆಗೆದು, ಪೊದೆ ಸೇರಿತು. ಖಾಶೆ ನೆಲದ ಮೇಲೆ ಮಲಗಿಯೇ ಇದ್ದ. ಇಷ್ಟು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

ಊರಿಗೆ ಬಂದು ಪದ್ಧತಿಯಂತೆ ಸುಮ್ಮನೆ ಕುಳಿತ. ಕೇಳಿದರೆ, ಏನೂ ಇಲ್ಲ, ಯಾವುದೋ ಬಡಕಲು ಪ್ರಾಣಿಗೆ ಬಾಣ ಸವರಿದಂತಿತ್ತು ಎಂದ. ಅಷ್ಟು ಹೇಳಿದರೆ ದೊಡ್ಡದೇ ಬಿದ್ದಿದೆ ಎಂದು ಅರ್ಥ. ಮರುದಿನ ಗುಂಡಾ ಮತ್ತಿಬ್ಬರನ್ನು ಕರೆದುಕೊಂಡು ಬಂದ. ಬರಲೇಬೇಕು, ಮಾಂಸ ಕೊಳೆಯಬಾರದು. ದಾರಿಯಲ್ಲಿ ಹೆಜ್ಜೆ ಹಿಡಿಯುವ ಕೆಲಸದ ಮಾತಷ್ಟೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಕೂಡು ಸಿಕ್ಕಿತು. ಮಗ್ಗುಲಾಗಿ ಬಿದ್ದಿತ್ತು, ಚರ್ಮದ ಕೆಳಗೆ ಬಿಳಿ ಕೊಬ್ಬು.

ಖಾಶೆ ಕಾದ. ಇದೇನು, ಕೂಡು ಎಲ್ಲಿ, ನೀನು ಹೊಡೆದದ್ದು ಅದರ ನೆರಳನ್ನಲ್ಲವೇ ಎಂದು ಯಾರಾದರೂ ಕೇಳುತ್ತಾರೆಂದು ಕಾದ. ಈ ಮೂಳೆಗೂಡಿಗಾಗಿ ನಮ್ಮ ಕಾಲು ಸವೆಸಿದೆಯಲ್ಲ ಎಂದು ಗುಂಡಾ ಉಗಿಯುತ್ತಾನೆಂದು ಕಾದ.

"ದೊಡ್ಡ ಪ್ರಾಣಿ," ಎಂದ ಗುಂಡಾ. "ಚೆನ್ನಾಗಿ ಕೊಬ್ಬಿದೆ. ಒಳ್ಳೇ ಹೊಡೆತ, ಭಾವ."

ಉಳಿದಿಬ್ಬರೂ ಹೌದು, ಒಳ್ಳೇ ಹೊಡೆತ ಎಂದರು.

ಹೊಗಳುವುದು ಹೊರಗಿನವರನ್ನು. ಜೀಪಿನಲ್ಲಿ ಬಂದು ಚಿತ್ರ ಹಿಡಿದುಕೊಂಡು ಹೋಗುವವರನ್ನು, ಸರ್ಕಾರದ ಕಾಗದ ತರುವವರನ್ನು. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನವರು ಅವನನ್ನು ಒಮ್ಮೆಯೂ ಹೊಗಳಿರಲಿಲ್ಲ.

ಊರಲ್ಲೂ ಅದೇ ಆಯಿತು. ಒಬ್ಬೊಬ್ಬರಾಗಿ ಬಂದು ನೋಡಿ, ಒಳ್ಳೆಯ ಮಾಂಸ ಎಂದು ಹೋದರು. ದೇಮಿ ಮಂಜುಗಣ್ಣಿನಿಂದ ಕೊಬ್ಬನ್ನು ಹತ್ತಿರ ಹಿಡಿದು ನೋಡಿ, "ಬಹಳ ಚೆನ್ನಾಗಿದೆಯಪ್ಪ," ಎಂದ. ಖಾಶೆ ತಾನೇ ತನ್ನ ಮಾಂಸವನ್ನು ಬೈದ, ಇದನ್ನು ತಿಂದರೆ ಹಲ್ಲು ಹೋಗುತ್ತದೆ, ನಾಯಿಗೂ ಬೇಡ ಎಂದ. ಯಾರೂ ಅದರ ಎಳೆ ಹಿಡಿದು ಮುಂದುವರಿಸಲಿಲ್ಲ. ಬಾಣ ಅವನದೇ ಆದ್ದರಿಂದ ಹಂಚುವವನೂ ಅವನೇ. ದೊಡ್ಡ ದೊಡ್ಡ ತುಂಡುಗಳನ್ನು ಎಲ್ಲರಿಗೂ ಇಟ್ಟ, ತನ್ನ ಮನೆಗೆ ಕಾಲಿನ ಗೆಣ್ಣು ಉಳಿಸಿಕೊಂಡ. ಕೊಟ್ಟದ್ದನ್ನೂ ಅವರು ಒಳ್ಳೆಯ ಪಾಲು ಎಂದೇ ತೆಗೆದುಕೊಂಡರು. ಕೊಬ್ಬಿನ ಸಾರು ಕುದಿಯುತ್ತಿದ್ದ ಮೂರು ಕಾಲಿನ ಕಬ್ಬಿಣದ ಪಾತ್ರೆಯ ಬಳಿ ಮಂಡಿಯೂರಿ, ಬೋಗುಣಿ ಬೋಗುಣಿಗೆ ಬಡಿಸತೊಡಗಿದ. ಬಲಗೈಯಲ್ಲಿ ಸೌಟು. ಎಡಗೈಯನ್ನು ಆಧಾರಕ್ಕೆ ಊರಿಕೊಂಡಿದ್ದ. ಏನನ್ನಾದರೂ ಹೇಳಿ, ಒಂದು ಬೈಗುಳ, ಒಂದೇ ಒಂದು, ಎಂದು ಎದುರಿನ ಮುಖಗಳನ್ನು ನೋಡುತ್ತಿದ್ದನೇ ಹೊರತು ಕೈ ಎಲ್ಲಿದೆಯೆಂದು ನೋಡಲಿಲ್ಲ.

ಬೆಂಕಿಯಾಚೆ, ಮುಖ ಓರೆ ಮಾಡಿಕೊಂಡು ಖೋನಾ ಕುಳಿತಿದ್ದಳು. ಅಳಿಯನ ಮುಖ ನೋಡಬಾರದವಳು ಇಷ್ಟು ವರ್ಷ ನೋಡಿದ್ದು ಅವನ ಕೈಗಳನ್ನೇ. ಮಾಂಸ ಇಡುವ ಕೈ, ಕಟ್ಟಿಗೆ ಇಳಿಸುವ ಕೈ, ಮೊಮ್ಮಕ್ಕಳನ್ನು ಎತ್ತುವ ಕೈ. ಆ ಕೈಗಳು ಅವಳಿಗೆ ಬಾಯಿಪಾಠ. ಈಗ ಎಡಗೈ ಇದ್ದದ್ದು ಕುದಿಯುವ ಪಾತ್ರೆಯ ಕಂಠದ ಮೇಲೆ. ಬೆರಳುಗಳ ಕೆಳಗಿಂದ ಹೊಗೆ ಏಳುತ್ತಿತ್ತು.

ನಾಯಿ ಪಕ್ಕದಲ್ಲೇ ಇತ್ತು. ಅವಳು ನಾಯಿಗೆ ಹೇಳಲಿಲ್ಲ.

"ಖಾಶೆ, ಕೈ ತೆಗಿ ಮಗನೇ. ಕೈ ಸುಡ್ತಾ ಇದೆ."

ಖಾಶೆಗೆ ಮೊದಲು ಕೇಳಿಸಿದ್ದು ಕೈ ಎಂಬುದಲ್ಲ, ತನ್ನ ಹೆಸರು. ಆ ಬಾಯಿಂದ ಅದು ಬಂದಿರಲೇ ಇಲ್ಲ. ಅವಳತ್ತ ತಿರುಗಿದ, ಅವಳೂ ನೋಡಿದಳು, ಆಮೇಲೆ ಇಬ್ಬರೂ ಕೈಯನ್ನು ನೋಡಿದರು. ಅವನು ಕೈ ಎತ್ತಿದಾಗ ಚರ್ಮದ ಒಂದು ಪದರ ಪಾತ್ರೆಗೇ ಅಂಟಿಕೊಂಡಿತು. ಅವನು ಅರಚಲಿಲ್ಲ. ಅರಚುವಂಥದ್ದೇನೂ ಆಗಿರಲಿಲ್ಲ ಅವನಿಗೆ. ಅದನ್ನು ನೋಡಿಯೇ ಎಲ್ಲರಿಗೂ ತಿಳಿದುಹೋಯಿತು.

ಚುವಾ ಓಡಿ ಬಂದು ಕೊಬ್ಬು ಸವರುತ್ತ, ಅಳುತ್ತ, ಎಲ್ಲವನ್ನೂ ಹೇಳಿದಳು. ಮಾತ್ರೆ, ಮುಳ್ಳು, ಬಿಲ್ಲೆ, ಮಣಿ. ದೇಮಿ ಬತ್ತಳಿಕೆ ತರಿಸಿ, ಆರು ತೂತುಗಳನ್ನೂ ಬೆರಳಿನಿಂದ ತಡವಿ ತಡವಿ ನೋಡಿದ.

"ಥೂ," ಎಂದ ಕೊನೆಗೆ. "ಮಾಂಸವಂತೂ ಚಪ್ಪಲಿ ಥರ ಇದೆ. ಸಾಲ್ದು ಅಂತ ಸ್ವಂತ ಕೈ ಬೇರೆ ಬೇಯಿಸಿ ಬಡಿಸ್ತಾ ಇದಾನೆ. ಅದರಲ್ಲೂ ಕೊಬ್ಬಿಲ್ಲ."

ಯಾರೋ ನಕ್ಕರು. ಮತ್ತೊಬ್ಬರು ಈ ಕೂಡು ಹಸಿವಿನಿಂದ ಸತ್ತದ್ದು, ಬಾಣದಿಂದಲ್ಲ ಎಂದರು. ಬೈಗುಳಗಳು ಒಂದರ ಹಿಂದೊಂದು ಬಂದವು, ಹೆಂಗಸರೂ ಸೇರಿಕೊಂಡರು. ಖಾಶೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬಾಯಾರಿದವನು ನೀರು ಕುಡಿದಂತೆ ಅದನ್ನೆಲ್ಲ ಕೇಳಿದ. ಗುಂಡಾ ಮಾತ್ರ ನಗಲಿಲ್ಲ. ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕುಳಿತ.

"ನಂಗೆ ಹೇಳಿದ್ರೆ ಏನಾಗ್ತಿತ್ತು ಭಾವ?"

"ಬಿಲ್ಲು ಇಳಿಸು ಅಂತಿದ್ದೆ."

"ಅಂತಿದ್ದೆ," ಎಂದ ಗುಂಡಾ. "ಈಗ್ಲೂ ಅಂತೀನಿ."

ಖಾಶೆ ವಾದ ಮಾಡಿದ. ಬತ್ತಳಿಕೆ ಕೆಲಸ ಮಾಡಿತಲ್ಲ, ಬಾಣ ಒಂದೇ ಬಂತಲ್ಲ, ಕೂಡು ಬಿತ್ತಲ್ಲ. ಎಲ್ಲರ ಬಾಣಕ್ಕೂ ಮಣಿ ಕಟ್ಟಲು ಊರು ಒಪ್ಪಿದರೆ ಆಯಿತಲ್ಲ. ಆಗ ದೇಮಿ, ಬೇಟೆಯ ದಿನ ಎಷ್ಟು ಬಾಣ ಹಾಕಿಕೊಂಡು ಹೋಗಿದ್ದೆ ಎಂದು ಕೇಳಿದ. ಆರು. ಕೂಡುವಿನ ಮೈಯಲ್ಲಿ ಒಂದು. ಈಗ ಇದರಲ್ಲಿ ಎಷ್ಟಿವೆ? ಮುದುಕನ ಬೆರಳು ಆಗಲೇ ಎಣಿಸಿತ್ತು. ನಾಲ್ಕು. ಹಲ್ಲಿನಲ್ಲಿ ಎಳೆದೆಳೆದು ಸಡಿಲಾಗಿದ್ದ ಒಂದು ಬಾಣ ತೆವಳುವಾಗ ಎಲ್ಲೋ ಜಾರಿತ್ತು. ಖಾಶೆಗೆ ತಿಳಿದಿರಲಿಲ್ಲ.

ಮರುದಿನ ಇಡೀ ಊರು, ಮಕ್ಕಳನ್ನು ಗುಡಿಸಲಿನಲ್ಲಿ ಕೂರಿಸಿ, ಅವನು ತೆವಳಿದ ದಾರಿಯನ್ನು ಅಂಗುಲ ಅಂಗುಲ ಹುಡುಕಿತು. ಹೊತ್ತಿಳಿಯುವಾಗ ಬಾಣ ಸಿಕ್ಕಿತು, ಮೊನೆ ಮೇಲಾಗಿ, ಹೆಂಗಸರು ಗೆಡ್ಡೆಗೆ ಹೋಗುವ ಜಾಡಿನಿಂದ ಎರಡು ಮಾರು ದೂರದಲ್ಲಿ. ಸಿಕ್ಕಿದ್ದು ಚುವಾಗೆ. ಅವಳು ಅದನ್ನು ತಂದು ಗಂಡನ ಮುಂದೆ ಇಟ್ಟಳು.

ಆ ಸಂಜೆ ಖಾಶೆ ಉಳಿದ ನಾಲ್ಕು ಬಾಣಗಳನ್ನು ಹಲ್ಲಿನಿಂದಲೇ ಒಂದೊಂದಾಗಿ ಎತ್ತಿ, ಐದನ್ನೂ ಗುಂಡಾನ ಮುಂದೆ ಸಾಲಾಗಿ ಇಟ್ಟ. ಗುಂಡಾ ಅವನ್ನು ತನ್ನ ಬತ್ತಳಿಕೆಗೆ ಹಾಕಿಕೊಂಡ. ನಿನ್ನ ಬಾಣದಿಂದ ಬಿದ್ದದ್ದೆಲ್ಲ ನಿನ್ನದೇ, ನೀನೇ ಹಂಚಬೇಕು, ಮನೆಗೆ ಮಾಂಸ ತಪ್ಪುವುದಿಲ್ಲ ಎಂದ.

"ಮಾಂಸ ಯಾರಿಗೆ ಬೇಕಿತ್ತೋ," ಎಂದ ಖಾಶೆ.

ಗುಂಡಾ ಎದ್ದು ನಿಂತು, ಕಣ್ಣು ಕಾಲು ಚೆನ್ನಾಗಿವೆಯಲ್ಲ, ಹೆಜ್ಜೆ ಹುಡುಕಲು ನಮ್ಮ ಜೊತೆ ಬಾ ಎಂದು ಕರೆದ. ಬಿಲ್ಲಿಲ್ಲದೆ ಹಿಂದೆ ಹಿಂದೆ ಬರಲು ನಾಯಿ ಇದೆಯಲ್ಲ ಎಂದ ಖಾಶೆ. ಗುಂಡಾ ಮತ್ತೆ ಕರೆಯಲಿಲ್ಲ.

ಬೆಳಗ್ಗೆ ಗಂಡಸರು ಹೋದ ಮೇಲೆ ಚುವಾ ಅವನ ಕೈಯ ಪಟ್ಟಿ ಬದಲಿಸಿ, ಚಹಾ ಕೊಟ್ಟು, ನೀರಿಗೆ ಹೋದಳು. ಖಾಶೆ ಬೆಂಕಿಯ ಬಳಿ ಕುಳಿತ. ಎದುರಿಗೆ ದೇಮಿ ಕುಳಿತಿದ್ದ. ದೇಮಿ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದ. ಆ ಜಾಗವನ್ನು ನೋಡಿದ್ದೇ ತಡ, ಖಾಶೆ ಎದ್ದುಬಿಟ್ಟ.

ಎಲ್ಲಿಗೆಂದು ಗೊತ್ತಿರಲಿಲ್ಲ. ಊರ ಅಂಚಿನಲ್ಲಿ ಮರಳಿನ ಮೇಲೆ ಮೂವರ ಹೆಜ್ಜೆಗಳಿದ್ದವು. ಓದುತ್ತ ಹೋದ. ಇಲ್ಲಿ ಗುಂಡಾ ನಿಂತು ಹಿಂದಿರುಗಿ ನೋಡಿದ್ದಾನೆ. ಇಲ್ಲಿ ಮೂವರೂ ಕೂತು ಬೀಡಿ ಸೇದಿದ್ದಾರೆ. ಇಲ್ಲಿ ಸಾಲು ಬಿಟ್ಟು ಅಗಲವಾಗಿ ನಡೆದಿದ್ದಾರೆ. ಇನ್ನು ಸಾಕು, ವಾಪಸ್ ಹೋಗಬೇಕು ಎಂದುಕೊಂಡೇ ಮತ್ತೊಂದು ಹೆಜ್ಜೆ ಓದಿದ, ಮತ್ತೊಂದು. ಒಂದು ತಿರುವಿನಲ್ಲಿ ಹಿಮ್ಮಡಿಯ ಗುರುತು ಇಲ್ಲವಾಯಿತು. ಬರೀ ಮುಂಗಾಲಿನ ಗುರುತು, ಹತ್ತಿರ ಹತ್ತಿರ, ಆಮೇಲೆ ಮೊಣಕಾಲಿನ ಗುಳಿಗಳು. ಗುರುತಿನ ಅಂಚು ಇನ್ನೂ ಉದುರಿರಲಿಲ್ಲ.

ಅವರಿಗೆ ಏನೋ ಕಂಡಿತ್ತು, ಮತ್ತು ಅದು ಹತ್ತಿರದಲ್ಲೇ ಇತ್ತು.

ಖಾಶೆಯ ಬಲಗೈ ತಾನಾಗಿ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಇಲ್ಲವೆಂಬುದೂ ಆ ಕೈಗೆ ತಿಳಿಯಲಿಲ್ಲ, ಅವನೇ ತಿರುಗಿ ನೋಡಬೇಕಾಯಿತು. ಒಂದು ಹಿಡಿ ಮರಳು ಎತ್ತಿ ಬಿಟ್ಟ. ಗಾಳಿ ಅವನ ಬೆನ್ನಿನಿಂದ ಅವರ ಕಡೆಗೆ ಹೋಗುತ್ತಿತ್ತು. ಬಂದ ದಾರಿಯಲ್ಲೇ ಬಾಗಿ ಬಾಗಿ ಹಿಂದೆ ಸರಿದು, ತನ್ನ ವಾಸನೆ ಯಾವ ಪ್ರಾಣಿಗೂ ತಾಕದಂತೆ ಬಳಸಿ ಹೋಗಿ, ಒಂದು ಪೊದೆಯ ಹಿಂದೆ ಸದ್ದಿಲ್ಲದೆ ಕುಳಿತ. ಸುಟ್ಟ ಕೈಯ ಮೇಲೆ ನೊಣಗಳು ಕೂರತೊಡಗಿದವು. ಓಡಿಸಲು ಅಲುಗಾಡಬೇಕಾಗುತ್ತಿತ್ತು. ಅವನು ಅಲುಗಾಡಲಿಲ್ಲ.